ಪೊರಕೆಗೊಂದು ಪ್ರಸಂಗ

ಪೊರಕೆಯಲ್ಲಿ ಪಶ್ಚಾತ್ತಾಪವನ್ನೂ, ನಾದುವ ಹಿಟ್ಟಿನಲ್ಲಿ ತಾಳ್ಮೆಯನ್ನೂ, ಕಲೆ ಬಿಡದ ಬಟ್ಟೆಯಲ್ಲಿ ಪಾಪವನ್ನೂ ತೋರಿಸುವ ಪ್ರಸಂಗಗಳು ಕ್ರೈಸ್ತ ಸಭೆಗಳಿಗೆ ಹೊಸವಲ್ಲ. ಸುವಾರ್ತೆಯಲ್ಲೇ ಇದಕ್ಕೆ ಆಧಾರವಿದೆ: ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವ ಹೆಂಗಸು ಲೂಕನಲ್ಲಿದ್ದಾಳೆ, ಹಿಟ್ಟಿಗೆ ಹುಳಿ ಬೆರೆಸುವವಳು ಮತ್ತಾಯನಲ್ಲಿದ್ದಾಳೆ. ಆದರೂ ಇಂಥ ಪಾಠದಲ್ಲಿ ನನಗೊಂದು ಕೊರತೆ ಕಾಣುತ್ತದೆ. ಅಲ್ಲಿ ಕೆಲಸ ಬರೀ ದೃಷ್ಟಾಂತ; ಅರ್ಥ ಹಿಂಡಿಕೊಂಡ ಮೇಲೆ ಸಿಪ್ಪೆ ಬಿಸಾಡಬಹುದು. ಜನ್ಮದಲ್ಲಿ ಪೊರಕೆ ಹಿಡಿಯದವನೂ ಆ ಪಾಠವನ್ನು ಚೆನ್ನಾಗಿ ಒಪ್ಪಿಸಬಲ್ಲ. ಹಾಗಾದರೆ ಮನೆಗೆಲಸ ಮನುಷ್ಯನನ್ನು ಬೆಳೆಸುವುದು ಯಾವಾಗ? ಎದುರಿಗಿರುವವರ ಹಸಿವು, ಕೊಳೆ, ನಿದ್ದೆಗೇಡುಗಳು ತನ್ನ ಚಿಂತೆಗಿಂತ ಮುಂದೆ ಬಂದು ನಿಂತಾಗ ಎಂಬುದು ನನ್ನ ವಾದ.

ಇದನ್ನು ಒರೆಗೆ ಹಚ್ಚಲು ಸ್ವೀಡನ್ನಿನ ಶೋವ್ಡೆಯಂಥ ಊರು ತಕ್ಕದ್ದು. ಸ್ಕಾರಾ ಧರ್ಮಪ್ರಾಂತದ ಈ ಸೀಮೆಯೂ 1686ರ ಚರ್ಚ್ ಕಾನೂನಿಗೆ ಒಳಪಟ್ಟಿತ್ತು. ಅದರಂತೆ ಪಾದ್ರಿ ಮನೆಯವರನ್ನೂ ಆಳುಕಾಳುಗಳನ್ನೂ ಕೂರಿಸಿ, ಧರ್ಮಸುಧಾರಕ ಲೂಥರ್ 1529ರಲ್ಲಿ ಬರೆದ ಕಿರು ಪ್ರಶ್ನೋತ್ತರಿಯಲ್ಲಿ ಪರೀಕ್ಷಿಸಬೇಕಿತ್ತು. ಓದು ಹೇಗಿದೆ, ಅರ್ಥ ಎಷ್ಟು ತಿಳಿದಿದೆ ಎಂದು ದಫ್ತರದಲ್ಲಿ ಗುರುತು ಹಾಕಬೇಕಿತ್ತು. 1842ರ ಶಾಲಾ ಕಾನೂನಿಗೆ ಬಹಳ ಮೊದಲೇ ಅಲ್ಲಿನ ಜನ ಓದು ಕಲಿತದ್ದು ಹೀಗೆ, ಮನೆಯಲ್ಲೇ. ದೊಡ್ಡ ಸಾಧನೆಯೇ ಸರಿ. ಆದರೆ ಹಸುಗೂಸಿಗಾಗಿ ರಾತ್ರಿ ಎದ್ದವರು ಯಾರು ಎಂಬುದಕ್ಕೆ ಆ ದಫ್ತರದಲ್ಲಿ ಕಲಂ ಇರಲಿಲ್ಲ. ಲೂಥರನ ಕಣ್ಣು ಮಾತ್ರ ಅಲ್ಲಿಗೂ ಹೋಗಿತ್ತು. ಮಗುವಿನ ಹೊಲಸು ಬಟ್ಟೆ ಒಗೆಯುವ ತಂದೆಯನ್ನು ನೋಡಿ ಊರು ನಕ್ಕರೂ ದೇವರು ಮೆಚ್ಚುತ್ತಾನೆ ಎಂಬ ಅರ್ಥದಲ್ಲಿ 1522ರಲ್ಲೇ ಆತ ಬರೆದಿದ್ದ. ಲೂಥರನ ಈ ವಿಚಾರವನ್ನು 1942ರಲ್ಲಿ ವಿಸ್ತರಿಸಿದ ಸ್ವೀಡಿಷ್ ದೇವತಾಶಾಸ್ತ್ರಜ್ಞ ಗುಸ್ತಾಫ್ ವಿಂಗ್ರೆನ್ನನ ನಿಲುವು ಇನ್ನೂ ನೇರ: ನಮ್ಮ ಸತ್ಕಾರ್ಯ ದೇವರಿಗೆ ಬೇಕಿಲ್ಲ, ನೆರೆಯವನಿಗೆ ಬೇಕು.

ಇಲ್ಲಿ ಗಟ್ಟಿ ಆಕ್ಷೇಪವೊಂದು ಏಳುತ್ತದೆ. ದುಡಿಮೆಯನ್ನು ಪವಿತ್ರವೆಂದು ಹಾಡಿ ಹೊಗಳಿಯೇ ಹೆಂಗಸರನ್ನೂ ಆಳುಗಳನ್ನೂ ಒಲೆಗೆ ಕಟ್ಟಿಹಾಕಲಿಲ್ಲವೇ? ಹೌದು. ಅದೇ ಪ್ರಶ್ನೋತ್ತರಿಯ ಕೊನೆಗಿದ್ದ ಗೃಹನಿಯಮ ಆಳುಗಳಿಗೆ ವಿಧೇಯತೆ ಬೋಧಿಸುತ್ತಿತ್ತು. ಸ್ವೀಡನ್ನಿನಲ್ಲಿ ಒಡೆಯ ಆಳನ್ನು ಹೊಡೆಯುವ ಹಕ್ಕು ಪೂರ್ತಿ ಹೋದದ್ದು 1920ರಲ್ಲಿ. ಆಳುಗಳ ಕಾನೂನು ರದ್ದಾದದ್ದು 1926ರಲ್ಲಿ. ಮನೆಯೆಂದರೆ ಶಾಂತಿಯ ನೆಲೆ ಎನ್ನುವವರಿಗೆ ಶೋವ್ಡೆಯ ಸಂತಳಾದ 12ನೆಯ ಶತಮಾನದ ಎಲಿನಳ ಐತಿಹ್ಯವೂ ಮುಜುಗರದ್ದೇ: ಮಗಳನ್ನು ಹಿಂಸಿಸುತ್ತಿದ್ದ ಅಳಿಯನನ್ನು ಆಳುಗಳು ಕೊಂದರು, ಸೇಡಿಗೆ ಅವನ ಬಂಧುಗಳು ವಿಧವೆಯಾಗಿದ್ದ ಎಲಿನಳನ್ನೇ ಕೊಂದರು ಎನ್ನುತ್ತದೆ ಆ ಕಥೆ. ಆದರೆ ಈ ಆಕ್ಷೇಪ ಚುಚ್ಚುವುದು ಕೆಲಸ ಹಂಚಿದ ರೀತಿಯನ್ನು. ನೆರೆಯವನ ಅಗತ್ಯವೇ ಅಳತೆಗೋಲಾದರೆ ಒಡೆಯನಿಗೆ ವಿನಾಯಿತಿ ಎಲ್ಲಿಂದ ಬಂತು? ಲೂಥರನ ಉದಾಹರಣೆಯಲ್ಲಿ ಬಟ್ಟೆ ಒಗೆಯುವವನು ಗಂಡಸು. ಯೋಹಾನನ ಸುವಾರ್ತೆಯಲ್ಲಿ ಸೊಂಟಕ್ಕೆ ಟವೆಲು ಕಟ್ಟಿ ಕಾಲು ತೊಳೆದವನು ಗುರು. ಕಾಯಕದ ಜೊತೆಗೆ ದಾಸೋಹವನ್ನೂ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೂ ನಮ್ಮ ಮನೆಗಳಲ್ಲಿ ಮುಸುರೆಗೆ ಕೈಹಾಕುವವರು ಯಾರೆಂಬುದು ಗೊತ್ತೇ ಇದೆ. ಸ್ವೀಡನ್ 1974ರಲ್ಲಿ ಶಿಶುಪಾಲನೆಯ ಸಂಬಳದ ರಜೆಯನ್ನು ತಂದೆಗೂ ತೆರೆದದ್ದು ಧರ್ಮೋಪದೇಶಕ್ಕಾಗಿ ಅಲ್ಲ; ಆದರೂ ಲೂಥರ್ ಕಂಡ ತಂದೆಗೆ ಅದರಿಂದ ಬಿಡುವು ಸಿಕ್ಕಿತು.

ದಿನವೂ ಅದೇ ಕೆಲಸ ಮನಸ್ಸನ್ನು ಮೊಂಡಾಗಿಸುತ್ತದೆ, ಕಹಿ ತುಂಬುತ್ತದೆ ಎಂಬ ಮಾತನ್ನೂ ತಳ್ಳಿಹಾಕಲಾರೆ. ಲೂಕನ ಸುವಾರ್ತೆಯಲ್ಲಿ ಯೇಸುವನ್ನು ಮನೆಗೆ ಕರೆದು ಉಪಚಾರಕ್ಕೆ ನಿಂತ ಮಾರ್ಥಳಿಗೆ ಆದದ್ದು ಅದೇ. ಅಡುಗೆ ಮಾಡಿದ್ದಕ್ಕೆ ಯೇಸು ಅವಳನ್ನು ಗದರಲಿಲ್ಲ. ಕಳವಳವನ್ನು ಎತ್ತಿ ತೋರಿಸಿದ. ತಂಗಿ ನೆರವಾಗದೆ ಕೂತಿದ್ದಾಳೆಂಬ ಅವಳ ದೂರಿನಲ್ಲಿ ನ್ಯಾಯವೂ ಇತ್ತು. ಅಂದು ಊಟವಾದ ಮೇಲೆ ಪಾತ್ರೆ ತೊಳೆದವರು ಯಾರೆಂದು ಲೂಕ ಬರೆದಿಲ್ಲ.