ಬದಲು ಕೊಡಲಾರದವರ ವೈದ್ಯರು



ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ದಾವಣಗೆರೆಯಿಂದ ಹಳೆಯ ರಸ್ತೆಯಲ್ಲಿ ಹರಿಹರಕ್ಕೆ ಹೋಗುವವರಿಗೆ ದಾರಿಯಲ್ಲಿ ಬಾತಿ ಸಿಗುತ್ತದೆ. ಕೆರೆ, ದರ್ಗಾ, ಗದ್ದೆಗಳು, ಬಿಡುವಿಲ್ಲದೆ ಓಡುವ ವಾಹನಗಳು. ಇಂಥ ರಸ್ತೆಯಲ್ಲಿ ರಾತ್ರಿ ಲಾರಿಗೆ ಸಿಕ್ಕ ನಾಯಿಯೊಂದು ಬೆಳಗಿನ ಜಾವ ಮುಂಗಾಲುಗಳ ಬಲದಿಂದಷ್ಟೇ ತೆವಳುತ್ತಿರುವುದನ್ನು ನೀವೂ ನೋಡಿರಬಹುದು. ಬೆನ್ನುಮೂಳೆ ಮುರಿದಿದೆ, ಹಿಂಗಾಲುಗಳಲ್ಲಿ ಜೀವವಿಲ್ಲ. ನಾವು ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತೇವೆ. ಏನು ಮಾಡಬೇಕೆಂದು ತೋಚದಿರುವುದು ಒಂದು ಕಾರಣ. ಬಲಿಪೂಜೆಗೆ ತಡವಾಗುತ್ತದೆ ಎಂಬುದು ಇನ್ನೊಂದು. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿದುಹೋಗುತ್ತಿದ್ದ ಆ ಯಾಜಕನಿಗೂ ಇಂಥದೇ ಕಾರಣ ಇದ್ದಿರಬೇಕು.

ಆ ನಾಯಿಯ ಬಳಿ ನಿಲ್ಲುವುದನ್ನೇ ತಮ್ಮ ವೃತ್ತಿಯಾಗಿ ಮಾಡಿಕೊಂಡವರ ಬಗ್ಗೆ ಈ ವಾರ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಅವರು ಲಾಭದ ಉದ್ದೇಶವಿಲ್ಲದ ಪ್ರಾಣಿ ಆಶ್ರಯಧಾಮಗಳ ಚಿಕಿತ್ಸಾಲಯಗಳಲ್ಲಿ ದುಡಿಯುವ ಪಶುವೈದ್ಯರು.

ನಮ್ಮ ಕಡೆ ಪಶುವೈದ್ಯರೆಂದರೆ ದನದ ಡಾಕ್ಟರು. ಅದರಲ್ಲಿ ತಪ್ಪೇನಿಲ್ಲ. ಎಮ್ಮೆಗೆ ಕೆಚ್ಚಲುಬಾವು ಬಂದರೆ ಮನೆಯ ಹಾಲೂ ನಿಂತಿತು, ಡೈರಿಯ ದುಡ್ಡೂ ನಿಂತಿತು. ಅಲ್ಲಿ ಕೊಡುವ ಚಿಕಿತ್ಸೆಗೆ ಒಂದು ಲೆಕ್ಕವಿದೆ. ಆಶ್ರಯಧಾಮದ ಮೇಜಿನ ಮೇಲೆ ಮಲಗಿದ ಪ್ರಾಣಿಗೆ ಅಂಥ ಲೆಕ್ಕವೇ ಇಲ್ಲ. ಹುಳ ಬಿದ್ದ ಗಾಯ, ಕಜ್ಜಿಯಿಂದ ರೋಮವೆಲ್ಲ ಉದುರಿದ ಮೈ, ಪಾರ್ವೋ ರೋಗದಿಂದ ರಕ್ತಭೇದಿಯಾಗುತ್ತಿರುವ ಮರಿ. ಹೆಸರಿಲ್ಲ, ಒಡೆಯನಿಲ್ಲ, ಶುಲ್ಕ ಕೊಡುವವರಿಲ್ಲ. ಗುಣವಾದ ಮೇಲೆ ಕೃತಜ್ಞತೆ ತೋರುವುದಿರಲಿ, ಗಾಯ ತೊಳೆಯುವಾಗ ಕೈ ಕಚ್ಚದಿದ್ದರೆ ಅದೇ ದೊಡ್ಡದು!

ನಮ್ಮ ರಾಜ್ಯದಲ್ಲಿ ಈ ಸೇವೆಗೆ ಹೆಸರಾದದ್ದು ಬೆಂಗಳೂರಿನ ಕ್ಯೂಪಾ ಸಂಸ್ಥೆ. ಅದನ್ನು 1991ರಲ್ಲಿ ಆರಂಭಿಸಿದವರು ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ. ಅದಕ್ಕೂ ಮೊದಲು ಅವರು ದೆಹಲಿಯಲ್ಲೂ ಜೈಪುರದಲ್ಲೂ ಇಂಥದೇ ಆಶ್ರಯಗಳನ್ನು ಕಟ್ಟಿದ್ದರು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಕೈಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ವಯಸ್ಸಾಯಿತೆಂದು ಧರ್ಮಕೇಂದ್ರದ ಎಲ್ಲ ಕೆಲಸಗಳಿಂದ ಹಿಂದೆ ಸರಿಯುವ ಅರವತ್ತರ ಹಿರಿಯರು ಇದನ್ನು ಸ್ವಲ್ಪ ಗಮನಿಸಬೇಕು.

“ಫಾದರ್, ಮನುಷ್ಯರಿಗೇ ಔಷಧಿಗೆ ದುಡ್ಡಿಲ್ಲ, ನಾಯಿಗೆ ಆಸ್ಪತ್ರೆ ಬೇಕೆ?” ಎಂದು ನೀವು ಕೇಳುವಿರಿ. ಇದು ಕಠಿಣ ಹೃದಯದವರ ಪ್ರಶ್ನೆಯಲ್ಲ. ಧರ್ಮಸಭೆಯೂ ಇದನ್ನು ಗಂಭೀರವಾಗಿ ತೆಗೆದುಕೊಂಡಿದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೆಯ ಪರಿಚ್ಛೇದ ಎರಡು ಮಾತನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳನ್ನು ಅನಾವಶ್ಯಕವಾಗಿ ನರಳಿಸುವುದು ಅಥವಾ ಕೊಲ್ಲುವುದು ಮನುಷ್ಯನ ಘನತೆಗೇ ವಿರುದ್ಧ. ಹಾಗೆಯೇ, ಮೊದಲು ಮನುಷ್ಯರ ಸಂಕಟ ನೀಗಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ಯೋಗ್ಯವಲ್ಲ. ಎರಡನೆಯ ಮಾತು ಸಾಕುನಾಯಿಗೆ ಹುಟ್ಟುಹಬ್ಬದ ಕೇಕು ತರಿಸಿ, ಮನೆಗೆಲಸದವಳ ಸಂಬಳ ಏರಿಸಲು ಹಿಂದೆಮುಂದೆ ನೋಡುವವರಿಗೆ ನಾಟಬೇಕು. ಬೀದಿಯಲ್ಲಿ ನರಳುವ ಪ್ರಾಣಿಯ ಗಾಯ ತೊಳೆಯುವವರ ಬಾಯಿ ಮುಚ್ಚಿಸಲು ಅದನ್ನು ಬಳಸುವುದು ಸರಿಯಲ್ಲ. ನಿಜ ಹೇಳಬೇಕೆಂದರೆ, ನಾಯಿಗೆ ಖರ್ಚಾಗದೆ ಉಳಿದ ಹಣ ನಮ್ಮ ಕೈಯಿಂದ ಬಡವರ ಮನೆಗೆ ಹೋಗಿದ್ದು ಅಪರೂಪ.

ಶ್ರೀಗ್ರಂಥವನ್ನು ತೆರೆದು ನೋಡಿ. ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವಾದರೂ ಮೇಲೆತ್ತುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳುತ್ತಾರೆ (ಲೂಕ 14:5). ಅದು ನಮ್ಮದೇ ಎತ್ತು. ಹಳೆಯ ಒಡಂಬಡಿಕೆ ಒಂದು ಹೆಜ್ಜೆ ಮುಂದೆ ಹೋಗಿ, ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯಡಿಯಲ್ಲಿ ಕುಸಿದು ಬಿದ್ದಿದ್ದರೂ ಬಿಟ್ಟುಹೋಗಬೇಡ ಎನ್ನುತ್ತದೆ (ವಿಮೋಚನಾಕಾಂಡ 23:5). ಅದು ವೈರಿಯ ಕತ್ತೆ. ಯಾರದ್ದೂ ಅಲ್ಲದ ಪ್ರಾಣಿಯ ಗತಿ ಏನು? ಎತ್ತಿನ ಮಾತು ಬರುವ ಅದೇ ಅಧ್ಯಾಯದಲ್ಲಿ, ಕೆಲವೇ ವಚನಗಳ ಮುಂದೆ, ಔತಣಕ್ಕೆ ಮರಳಿ ಕರೆಯಬಲ್ಲವರನ್ನು ಬಿಟ್ಟು ಬಡವರನ್ನು, ಅಂಗವಿಕಲರನ್ನು, ಕುರುಡರನ್ನು ಕರೆಯಿರಿ ಎಂದು ಪ್ರಭು ಹೇಳುತ್ತಾರೆ. ಅವರಿಗೆ ಬದಲು ಕೊಡಲು ಏನೂ ಇಲ್ಲವಲ್ಲ. ಇದು ಮನುಷ್ಯರ ಬಗ್ಗೆ ಹೇಳಿದ ಮಾತು. ಬಡವನನ್ನೂ ನಾಯಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನಾನು ಒಪ್ಪುವುದಿಲ್ಲ. ಆದರೆ ಬದಲು ಬಾರದ ಕಡೆಗೆ ಕೊಡುವುದು ಒಂದು ಅಭ್ಯಾಸ. ಅದನ್ನು ಕಲಿತ ಕೈ ಯಾರ ಮುಂದೆಯೂ ಸುಲಭವಾಗಿ ಮಡಚಿಕೊಳ್ಳುವುದಿಲ್ಲ. ಲೀಮಾ ನಗರದ ಸಂತ ಮಾರ್ಟಿನ್ ದೆ ಪೊರೆಸರು ದೊಮಿನಿಕನ್ ಮಠದ ರೋಗಿಗಳನ್ನು ಹಗಲಿರುಳು ನೋಡಿಕೊಂಡವರು, ಗುಲಾಮರ ಹಸಿವಿಗೆ ಮರುಗಿದವರು. ಬೀದಿಯ ನಾಯಿ ಬೆಕ್ಕುಗಳನ್ನು ತಮ್ಮ ಸಹೋದರಿಯ ಮನೆಯಲ್ಲಿಟ್ಟು ಆರೈಕೆ ಮಾಡಿದವರೂ ಅವರೇ. 1639ರಲ್ಲಿ ತೀರಿಹೋದ ಅವರನ್ನು 1962ರಲ್ಲಿ ಸಂತ ಪದವಿಗೇರಿಸಲಾಯಿತು.

ಈ ವೈದ್ಯರ ಅತ್ಯಂತ ಭಾರವಾದ ಕೆಲಸದ ಬಗ್ಗೆ ನಾವು ಸಾಮಾನ್ಯವಾಗಿ ಮಾತನಾಡುವುದಿಲ್ಲ. ಬೆನ್ನುಮೂಳೆ ಮುರಿದ ಆ ನಾಯಿ ಬದುಕುವುದಿಲ್ಲವೆಂದು ಖಚಿತವಾದಾಗ ಮೊದಲು ಮಂಪರು ಬರಿಸಿ, ಆಮೇಲೆ ಅರಿವಳಿಕೆಯ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಅದರ ನೋವನ್ನು ಕೊನೆಗಾಣಿಸುತ್ತಾರೆ. ಹನ್ನೊಂದು ಗಂಟೆಗೆ ಮರಿಯೊಂದನ್ನು ಬದುಕಿಸಿದ ಕೈ ಹನ್ನೆರಡಕ್ಕೆ ಇದನ್ನೂ ಮಾಡಬೇಕು. ಮನೆಗೆ ಹೋದ ಮೇಲೆ ಊಟ ಸೇರದ ದಿನಗಳಿರುತ್ತವೆ. “ಇದು ಕೊಲೆಯೇ, ಫಾದರ್?” ಎಂದು ಕಥೋಲಿಕ ವೈದ್ಯರೊಬ್ಬರ ಮನಸ್ಸು ಕೇಳಿದರೆ ಉತ್ತರ: ಅಲ್ಲ. ಪಾಪವೆಂದು ಪಾಪನಿವೇದನೆಗೆ ತರಬೇಡಿ. ದುಃಖವೆಂದು ಪ್ರಾರ್ಥನೆಗೆ ತನ್ನಿ.

ಹಾಗಾದರೆ ನರಳುವ ಅಜ್ಜನಿಗೂ ಇದೇ ಕರುಣೆ ತೋರಬಹುದಲ್ಲ ಎನ್ನುವವರು ಇಂದು ಹೆಚ್ಚುತ್ತಿದ್ದಾರೆ. ಇಲ್ಲಿ ಎಚ್ಚರ ಬೇಕು. ಪ್ರಾಣಿಗೆ ನೋವಿದೆ, ಆ ನೋವಿನಾಚೆಗೆ ನೋಡುವ ಕಣ್ಣಿಲ್ಲ. ಅದು ಕ್ಷಮೆ ಕೇಳಲಾರದು, ಮಗನೊಡನೆ ರಾಜಿಯಾಗಲಾರದು, ತನ್ನ ಸಂಕಟವನ್ನು ಶಿಲುಬೆಯ ಬುಡದಲ್ಲಿಡಲಾರದು. ಇವೆಲ್ಲ ಅಜ್ಜನಿಗೆ ಕೊನೆಯ ಗಂಟೆಯಲ್ಲೂ ಸಾಧ್ಯ. ಅವರು ದೇವರ ಪ್ರತಿರೂಪ. ಅವರ ಜೀವ ನಮ್ಮ ಕೈಗೆ ಒಪ್ಪಿಸಿದ ಆಸ್ತಿಯಲ್ಲ. ಅವರ ನೋವು ಶಮನಗೊಳಿಸುವ ಮದ್ದು ಕೊಡಿಸುವುದು, ಹಾಸಿಗೆಯ ಬಳಿ ಕೂರುವುದು, ಇದೇ ಅಲ್ಲಿ ಕರುಣೆ. ಪಶುವೈದ್ಯರ ಸೂಜಿಯನ್ನು ಮನುಷ್ಯರ ವಾರ್ಡಿಗೆ ಸಾಗಿಸುವವರು ಕರುಣೆ ಎಂಬ ಪದವನ್ನಷ್ಟೇ ಎತ್ತಿಕೊಂಡು ಹೋಗಿದ್ದಾರೆ.

ನಾಯಿ ಕಚ್ಚಿದ ಮಗುವಿನ ತಾಯಿಗೆ ಈ ಲೇಖನ ಓದಿ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು. ದೆಹಲಿಯ ಬೀದಿನಾಯಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2025ರ ಆಗಸ್ಟ್ 11ರಂದು ಕೊಟ್ಟ ಆದೇಶವನ್ನು ಅದೇ ತಿಂಗಳ 22ರಂದು ಮಾರ್ಪಡಿಸಿದಾಗ, ದೇಶವೇ ನಾಯಿಪರ, ನಾಯಿವಿರೋಧಿ ಎಂದು ಎರಡು ಪಾಳೆಯವಾಯಿತು. ಆದರೆ ಆ ಮಗುವಿನ ಪರವಾಗಿ ಬೀದಿಯಲ್ಲಿ ದುಡಿಯುವವರು ಈ ವೈದ್ಯರೇ. ನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಕಿವಿಯಲ್ಲಿ ಗುರುತು ಕತ್ತರಿಸಿ, ಹಿಡಿದ ಜಾಗಕ್ಕೇ ಬಿಡುವ ಕ್ರಮ 2001ರ ನಿಯಮಗಳಿಂದ ಬಂದದ್ದು; 2023ರಲ್ಲಿ ಹೊಸ ನಿಯಮಗಳು ಬಂದವು. ಒಂದು ಬೀದಿಯ ಬಹುಪಾಲು ನಾಯಿಗಳಿಗೆ ಲಸಿಕೆಯಾದರೆ ರೋಗ ಅಲ್ಲಿ ಹರಡುವುದಿಲ್ಲ. ಕಚ್ಚಿದರೆ ಮಾತ್ರ ಅರಿಸಿನ, ಸುಣ್ಣ ಹಚ್ಚುತ್ತ ಕೂರಬೇಡಿ. ಹದಿನೈದು ನಿಮಿಷ ಸಾಬೂನು ಹಾಕಿ ಹರಿಯುವ ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಇನ್ನು ತಂದೆತಾಯಿಯರಿಗೆ ಒಂದು ಮಾತು. ನಮ್ಮ ಧರ್ಮಪ್ರಾಂತ್ಯಕ್ಕೆ ಹೆಸರು ಕೊಟ್ಟ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಐದೂವರೆ ವರ್ಷದ ಓದು. ಮಗಳು ಅದನ್ನು ಓದಿ, ಕಡಿಮೆ ಸಂಬಳದ ಆಶ್ರಯಧಾಮಕ್ಕೆ ಹೋಗುತ್ತೇನೆಂದರೆ “ನಿಜವಾದ ಡಾಕ್ಟರಾಗಬಹುದಿತ್ತಲ್ಲ” ಎಂದು ಅವಳ ಮನಸ್ಸು ಮುರಿಯಬೇಡಿ. ಮನೆಯ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸದೆ, ಹುಟ್ಟಿದ ಹೆಣ್ಣುಮರಿಗಳನ್ನು ಚೀಲದಲ್ಲಿ ಕಟ್ಟಿ ಕೆರೆಯಂಚಿನಲ್ಲಿ ಇಳಿಸಿ ಬರುವವರು ನಮ್ಮಲ್ಲಿ ಯಾರೂ ಇಲ್ಲವೆಂದು ನಂಬಲು ನನಗಿಷ್ಟ. ಆ ಚೀಲ ಬಿಚ್ಚುವ ಕೆಲಸ ಇಂಥ ಮಗಳ ಪಾಲಿಗೇ ಬರುತ್ತದೆ.

ಜನವರಿ 17, ಮಠಾಧಿಪತಿ ಸಂತ ಅಂತೋಣಿಯವರ ಸ್ಮರಣೆ. ಅಂದು ಪ್ರಾಣಿಗಳನ್ನು ಆಶೀರ್ವದಿಸುವ ಪದ್ಧತಿ ಧರ್ಮಸಭೆಯಲ್ಲಿ ಬಹಳ ಹಿಂದಿನದು. ಈ ಸಲ ದೇವಾಲಯದ ಅಂಗಳದಲ್ಲಿ ಪವಿತ್ರ ಜಲದ ಪಾತ್ರೆಯ ಪಕ್ಕದಲ್ಲೇ ಲಸಿಕೆಯ ಐಸ್ ಪೆಟ್ಟಿಗೆಯನ್ನೂ ಇಡುವಂತೆ ನಿಮ್ಮ ಗುರುಗಳನ್ನೂ ಊರಿನ ಪಶುವೈದ್ಯರನ್ನೂ ಈಗಲೇ ಕೇಳಿಕೊಳ್ಳಿ. ನಾಯಿಗಳನ್ನು ಹಗ್ಗ ಹಾಕಿ ತನ್ನಿ, ಹಗ್ಗ ದೊಡ್ಡವರ ಕೈಯಲ್ಲಿರಲಿ. ಬೀದಿಯಲ್ಲಿ ನಿಮ್ಮನ್ನು ನಂಬಿಕೊಂಡಿರುವುದು ಒಂದಿದ್ದರೆ ಅದನ್ನೂ ಕರೆತನ್ನಿ.