ಮಂದ ಬೆಳಕಿಗೆ ಎಷ್ಟು ಸಮಯ?

ಫಿಲಂ ಕ್ಯಾಮೆರಾದಲ್ಲಿ ಇರುಳಿನ ಚಿತ್ರ ತೆಗೆಯುವವರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಶಟರನ್ನು ಎಷ್ಟು ಹೊತ್ತು ತೆರೆದಿಡಬೇಕು? ಫಿಲಂ ತೊಳೆಯುವವರೆಗೆ ಉತ್ತರ ತಿಳಿಯದು. ಅಲ್ಲಿಯವರೆಗೆ ಎಲ್ಲವೂ ಅಂದಾಜು. 1930ರ ದಶಕದಲ್ಲಿ ಪ್ಯಾರಿಸ್ಸಿನ ಇರುಳ ಬೀದಿಗಳನ್ನು ಸೆರೆಹಿಡಿದ ಬ್ರಾಸ್ಸಾಯ್, ಸಿಗರೇಟೊಂದು ಉರಿದು ಮುಗಿಯುವ ಹೊತ್ತನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರಂತೆ.

ಹಗಲಿನಲ್ಲಿ ಲೆಕ್ಕ ಸರಳ. ಬೆಳಕು ಅರ್ಧವಾದರೆ ಸಮಯವನ್ನು ಇಮ್ಮಡಿಗೊಳಿಸಿದರೆ ಸಾಕು. ಆದರೆ ಕತ್ತಲಲ್ಲಿ ಈ ನ್ಯಾಯವಾದ ಲೆಕ್ಕ ಸೋಲುತ್ತದೆ. ನಕ್ಷತ್ರಗಳ ಚಿತ್ರಗಳನ್ನು ಅಭ್ಯಸಿಸಿದ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ 1900ರ ಸುಮಾರಿಗೇ ಇದನ್ನು ಅಳೆದು ತೋರಿಸಿದರು. ಕೊಡಾಕ್ ಸಂಸ್ಥೆಯ ಟ್ರೈ-ಎಕ್ಸ್ ಫಿಲಮ್ಮಿಗೆ ಮೀಟರು 10 ಸೆಕೆಂಡು ಸೂಚಿಸಿದರೆ ಕೊಡಬೇಕಾದದ್ದು 50 ಸೆಕೆಂಡು. 100 ಸೂಚಿಸಿದರೆ 1,200 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷ!

ಕಾರಣ ಹೀಗಿದೆ. ಬೆಳಕಿನ ಮೊದಲ ಕಣವು ಫಿಲಮ್ಮಿನ ಹರಳಿನಲ್ಲಿ ಬೆಳ್ಳಿಯ ಒಂದು ಪರಮಾಣುವನ್ನು ಮೂಡಿಸುತ್ತದೆ. ಅದು ಒಂಟಿಯಾಗಿ ಬಹುಕಾಲ ನಿಲ್ಲಲಾರದು. ಮುಂದಿನ ಕಣ ಬೇಗ ಬಂದು ಜೊತೆಗೂಡದಿದ್ದರೆ ಮೂಡಿದ ಗುರುತು ಅಳಿಸಿಹೋಗುತ್ತದೆ.

ನಮ್ಮ ಮನೆಗಳಲ್ಲಿಯೂ ಹೀಗಾಗುವುದಿಲ್ಲವೇ? ಕುಡಿತದಿಂದ ಹೊರಬರಲು ಹೆಣಗುವ ತಮ್ಮ, ಕಲಿಕೆಯಲ್ಲಿ ಹಿಂದುಳಿದ ಮಗು, ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ತಂಗಿ: ಇವರಿಗೂ ನಾವು ಉಳಿದವರಷ್ಟೇ ಕೊಟ್ಟು, "ಎಲ್ಲರಿಗೂ ಸಮನಾಗಿ ಕೊಟ್ಟೆವಲ್ಲ, ಇನ್ನೇನು ಬೇಕು?" ಎನ್ನುತ್ತೇವೆ. ತಿಂಗಳಿಗೊಮ್ಮೆ ಆಡಿದ ಸವಿನುಡಿ, ಮುಂದಿನದು ಬರುವಷ್ಟರಲ್ಲಿ ಅವರ ಮನದಿಂದ ಮಾಸಿರುತ್ತದೆ. ಆಗ ನಾವು ಅವರ ಮೇಲೆಯೇ ತಪ್ಪು ಹೊರಿಸುತ್ತೇವೆ. ಸಮಪಾಲು ಯಾವಾಗಲೂ ನ್ಯಾಯವಲ್ಲ. ಬಹುಕಾಲ ಕತ್ತಲಲ್ಲಿದ್ದವರಿಗೆ ಇಮ್ಮಡಿಯೂ ಸಾಲದೆ ಹೋಗಬಹುದು.

ಹಾಗಾದರೆ ಮಿತಿಯೇ ಇಲ್ಲವೇ? ಇದೆ. ಶಟರನ್ನು ಎಂದಾದರೂ ಮುಚ್ಚಲೇಬೇಕು. ಒಬ್ಬರಿಗಾಗಿ ಮನೆಮಂದಿಯೆಲ್ಲ ಸವೆದುಹೋಗುವುದೂ ಸರಿಯಲ್ಲ. ಮನುಷ್ಯರು ಫಿಲಮ್ಮಿನಂತೆ ಸುಮ್ಮನೆ ಬಿದ್ದಿರುವ ವಸ್ತುಗಳೂ ಅಲ್ಲ; ಅವರ ಪಾಲಿನ ಪ್ರಯತ್ನವೂ ಬೇಕು. ಸಂತ ಲೂಕರ ಶುಭಸಂದೇಶದಲ್ಲಿ ಫಲ ಕೊಡದ ಅಂಜೂರದ ಮರದ ಸಾಮತಿಯನ್ನು ನೆನೆಯಿರಿ. ಒಡೆಯನು ಮೂರು ವರ್ಷ ಲೆಕ್ಕವಿಟ್ಟು ಕಾದಿದ್ದನು. ತೋಟಗಾರನು ಕೊನೆಯಿಲ್ಲದ ಕಾಲವನ್ನು ಕೇಳಲಿಲ್ಲ. ಕೇಳಿದ್ದು ಇನ್ನೊಂದೇ ವರ್ಷ. ಆ ವರ್ಷದಲ್ಲಿ ಬುಡ ಅಗೆದು ಗೊಬ್ಬರ ಹಾಕುವ ದುಡಿಮೆಯನ್ನು ತಾನೇ ಹೊತ್ತನು. ಮರ ಫಲಿಸುವುದೆಂಬ ಖಾತ್ರಿ ಅವನಿಗಿರಲಿಲ್ಲ. ಅವನದೂ ಅಂದಾಜೇ, ಆದರೆ ಭರವಸೆಯುಳ್ಳ ಅಂದಾಜು.

ಇರುಳಿನ ಛಾಯಾಗ್ರಾಹಕರು ಪಾಲಿಸುವ ನಿಯಮವೊಂದಿದೆ. ಸಂದೇಹವಿದ್ದರೆ ತುಸು ಹೆಚ್ಚು ಹೊತ್ತು ತೆರೆದಿಡು. ನೆಗೆಟಿವ್ ಫಿಲಂ ಹೆಚ್ಚಾದ ಬೆಳಕನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ; ಬೀಳದೆ ಹೋದ ಬೆಳಕನ್ನು ಆಮೇಲೆ ಯಾರೂ ತುಂಬಲಾರರು.

ಆದ್ದರಿಂದ, ಪ್ರಿಯರೇ, ಯಾರ ವಿಷಯದಲ್ಲಾದರೂ "ಇನ್ನು ಸಾಕು" ಎನ್ನುವ ಮುನ್ನ ನಿಮ್ಮನ್ನೇ ಕೇಳಿಕೊಳ್ಳಿ: ನಾನು ಹಿಡಿದಿರುವ ಈ ಅಳತೆ ಹಗಲಿನದೋ, ಇರುಳಿನದೋ?