ಗೆರೆಗೆ ಹತ್ತು ಮೀಟರ್ ಮುಂಚೆ

ಅರಸೀಕೆರೆ ತಾಲ್ಲೂಕಿನ ಗಂಡಸಿಯ ಸುತ್ತಮುತ್ತಲಿನದು ತೆಂಗಿನ ಸೀಮೆ. ಅಲ್ಲಿ ಕಾಯಿ ಸುಲಿಯುವವನಿಗೆ ಕೂಲಿ ದೊರೆಯುವುದು ಕಾಯಿಯ ಲೆಕ್ಕದ ಮೇಲೆ. ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಾಯಿಯನ್ನು ಕುಟ್ಟಿ, ತಿರುವಿ, ಸಿಪ್ಪೆಯನ್ನು ಸೀಳಿ ತೆಗೆಯುವ ಈ ಕೆಲಸವನ್ನು ಬೆಳಗಿನಿಂದ ಬೈಗಿನವರೆಗೆ ಮಾಡುವವನ ತೋಳು, ಸೊಂಟ, ಅಂಗೈಗಳು ಪಡುವ ಪಾಡನ್ನು ಮಾಡಿದವನೇ ಬಲ್ಲನು. ಸಂಜೆ ರಾಶಿಯನ್ನು ಎಣಿಸುವಾಗ ನೂರಕ್ಕೊಂದರಂತೆ ಗುರುತಿನ ಕಾಯಿಯನ್ನು ಬೇರೆ ಇಡುವಲ್ಲಿ, ಎಣಿಸುವವನು ಮರೆತು ಒಂದು ಗುರುತನ್ನು ಹೆಚ್ಚಾಗಿ ಇಟ್ಟನೆಂದು ಭಾವಿಸಬಹುದು. ಸುಲಿಯದ ನೂರು ಕಾಯಿಯ ಕೂಲಿ ಸುಲಿದವನ ಪಾಲಿಗೆ ಬಂದಿತು. ಅವನು ಕದ್ದವನಲ್ಲ, ಸುಳ್ಳು ಹೇಳಿದವನೂ ಅಲ್ಲ. ತಪ್ಪು ಎಣಿಸಿದವನದು. ಅವನು ಸುಮ್ಮನಿದ್ದರೆ ಸಾಕು. ಆ ಹಣ ಅವನದಾಯಿತೆ?

ಪ್ರಶ್ನೆ ಸಣ್ಣದಾಗಿ ತೋರುತ್ತದೆ. ಆದರೆ ಕಾಯವನ್ನು ಕೊನೆಯ ಉಸಿರಿನವರೆಗೆ ದುಡಿಸುವ ದೂರದೋಟಗಾರರ ಲೋಕದಲ್ಲಿ ಇದೇ ಪ್ರಶ್ನೆ ಒಂದು ದಿನ ಎಲ್ಲರ ಕಣ್ಣೆದುರಿಗೆ ಬಂದು ನಿಂತಿತು. 2012ರ ಡಿಸೆಂಬರ್ ತಿಂಗಳು. ಸ್ಪೇನ್ ದೇಶದ ನವಾರ್ರಾ ಪ್ರಾಂತದ ಬುರ್ಲಾದ ಎಂಬ ಊರು. ಅಲ್ಲಿ ನಡೆದ ಬಯಲೋಟದಲ್ಲಿ ಕೀನ್ಯಾ ದೇಶದ ಏಬೆಲ್ ಮುಟಾಯಿ ಎಲ್ಲರಿಗಿಂತ ಬಹಳ ಮುಂದಿದ್ದನು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೂರು ಸಾವಿರ ಮೀಟರ್ ಅಡೆತಡೆ ಓಟದ ಕಂಚಿನ ಪದಕ ಗೆದ್ದಿದ್ದವನು ಆತ. ಗೆಲುವಿನ ಗೆರೆ ಇನ್ನು ಸುಮಾರು ಹತ್ತು ಮೀಟರ್ ಇರುವಾಗ, ಗೆರೆಯನ್ನು ದಾಟಿಯಾಯಿತೆಂದು ತಪ್ಪಾಗಿ ತಿಳಿದು, ಅವನು ಓಟವನ್ನು ನಿಲ್ಲಿಸಿಬಿಟ್ಟನು. ಅವನ ಹಿಂದೆ ಎರಡನೆಯವನಾಗಿ ಬರುತ್ತಿದ್ದವನು ಸ್ಪೇನಿನ ಇವಾನ್ ಫರ್ನಾಂಡೆಸ್ ಅನಾಯಾ. ಅವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಮುಂದೆ ಹೋಗಿದ್ದರೆ ಗೆಲುವು ಅವನದಾಗುತ್ತಿತ್ತು. ಯಾವ ನಿಯಮವೂ ಅವನನ್ನು ತಡೆಯುತ್ತಿರಲಿಲ್ಲ. ಅವನು ಹೋಗಲಿಲ್ಲ. ಮುಟಾಯಿಗೆ ಅವನ ಭಾಷೆ ಬಾರದು. ಆದುದರಿಂದ ಕೈಸನ್ನೆ ಮಾಡಿ, ಹಿಂದೆಯೇ ನಿಂತು, ಅವನನ್ನು ಗೆರೆಯವರೆಗೆ ನಡೆಸಿ, ತಾನು ಎರಡನೆಯವನಾಗಿಯೇ ಉಳಿದನು.

ಕಥೆ ಇಲ್ಲಿಗೆ ಮುಗಿದಿದ್ದರೆ ಮಕ್ಕಳ ಪಾಠಪುಸ್ತಕಕ್ಕೆ ಒಪ್ಪುವ ಒಂದು ನೀತಿಕಥೆಯಾಗುತ್ತಿತ್ತು. ಅದು ಮುಗಿಯಲಿಲ್ಲ. ಫರ್ನಾಂಡೆಸನ ಶಿಕ್ಷಕನಾಗಿದ್ದವನು ಮಾರ್ಟಿನ್ ಫಿಸ್. 1995ರಲ್ಲಿ ಮ್ಯಾರಥಾನ್ ಓಟದ ವಿಶ್ವವಿಜೇತನಾಗಿದ್ದ ಹಿರಿಯ. ಶಿಷ್ಯನು ಮಾಡಿದುದು ಪ್ರಾಮಾಣಿಕವಾದ ಕೆಲಸವೆಂದು ಅವನು ಒಪ್ಪಿದನು. ಆದರೆ ತಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲವೆಂದೂ, ಗೆಲುವು ಓಟಗಾರನನ್ನು ಮೇಲಕ್ಕೆತ್ತುತ್ತದೆಂದೂ, ಹುಡುಗನು ಒಂದು ಅವಕಾಶವನ್ನು ಕಳೆದುಕೊಂಡನೆಂದೂ ಮುಚ್ಚುಮರೆಯಿಲ್ಲದೆ ಹೇಳಿದನು. ಗುರುವು ಒಂದು ಮಾತು, ಶಿಷ್ಯನು ಇನ್ನೊಂದು ನಡೆ.

ಫಿಸ್‌ನ ಮಾತನ್ನು ಲೋಭದ ಮಾತೆಂದು ತಳ್ಳಿಬಿಡುವುದು ನ್ಯಾಯವಲ್ಲ. ಗೆರೆಯನ್ನು ಮೊದಲು ದಾಟಿದವನು ಗೆದ್ದವನು ಎಂಬುದು ಸ್ಪರ್ಧೆಯ ಕಟ್ಟಳೆ. ಎಚ್ಚರವೂ ಓಟದ ಒಂದು ಅಂಗ. ಗೆರೆ ಎಲ್ಲಿದೆಯೆಂದು ನೋಡಿಕೊಳ್ಳುವುದು ಓಡುವವನ ಹೊಣೆ. ಇದಕ್ಕಿಂತ ಮಿಗಿಲಾದುದು ಇನ್ನೊಂದಿದೆ: ಗೆಲುವು ಓಟಗಾರನೊಬ್ಬನದೇ ಸೊತ್ತಲ್ಲ. ಅದರ ಹಿಂದೆ ಶಿಕ್ಷಕನ ವರ್ಷಗಳ ದುಡಿಮೆಯಿದೆ. ಶಿಷ್ಯನು ಬಿಟ್ಟುಕೊಟ್ಟುದರಲ್ಲಿ ಗುರುವಿನ ಪಾಲೂ ಇತ್ತು.

ಆ ದುಡಿಮೆ ಎಂತಹುದೆಂಬುದನ್ನು ತಿಳಿಯಲು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡನನ್ನು ನೆನೆಯಬಹುದು. ಆಕ್ಲೆಂಡ್ ನಗರದ ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದವನು ಆತ. ಎಷ್ಟು ದೂರ ಓಡಿದರೆ ದೇಹ ಬಲಿಯುತ್ತದೆ, ಎಷ್ಟಕ್ಕೆ ಮುರಿಯುತ್ತದೆ ಎಂಬುದನ್ನು ಅವನು ಪುಸ್ತಕದಿಂದ ತಿಳಿದುಕೊಳ್ಳಲಿಲ್ಲ. ವರ್ಷಗಟ್ಟಲೆ ತನ್ನ ಮೈಯ ಮೇಲೆಯೇ ಒರೆಹಚ್ಚಿ ನೋಡಿದನು. ವಾರಕ್ಕೆ ಸುಮಾರು ನೂರು ಮೈಲಿ, ಎಂದರೆ 160 ಕಿಲೋಮೀಟರ್ ಓಟ ಅವನು ಕಂಡುಕೊಂಡ ಅಳತೆ. ಅನಂತರವೇ ನೆರೆಹೊರೆಯ ಹುಡುಗರನ್ನು ಕರೆದುಕೊಂಡು ಬೆಟ್ಟದ ದಾರಿ ಹಿಡಿದನು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆ ಹುಡುಗರ ಪೈಕಿ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ ಒಂದೇ ದಿನ, ಒಂದು ಗಂಟೆಯ ಒಳಗೆ, ಇಬ್ಬರೂ ಚಿನ್ನದ ಪದಕ ಗೆದ್ದರು. ಬ್ಯಾರಿ ಮಗೀ ಮ್ಯಾರಥಾನಿನಲ್ಲಿ ಕಂಚು ಪಡೆದನು. ತಾನು ನಡೆದು ನೋಡದ ದಾರಿಯನ್ನು ಶಿಷ್ಯರಿಗೆ ನುಡಿಯದವನು ಎಂಬ ಒಂದು ಮಾತು ಸಾಕು, ಅವನ ಯೋಗ್ಯತೆಯನ್ನು ಅಳೆಯುವುದಕ್ಕೆ. ಗಂಡಸಿಯ ಕಡೆಯ ರೈತರಿಗೆ ಇದು ಹೊಸ ಮಾತಲ್ಲ. ಉಂಡೆಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಒಳಗೊಳಗೇ ಒಣಗಿ ಚಿಪ್ಪನ್ನು ಬಿಡುವುದಕ್ಕೆ ಸುಮಾರು ಒಂದು ವರ್ಷ ಬೇಕು. ಅವಸರಪಟ್ಟು ಒಡೆದವನಿಗೆ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ಅಂತಹ ತಾಳ್ಮೆಯಿಂದ ಶಿಷ್ಯನನ್ನು ಬಲಿಸಿದ ಗುರುವಿಗೆ, ಫಲವು ಕೈಗೆ ಬರುವ ಹೊತ್ತಿನಲ್ಲಿ ಅದು ಜಾರಿಹೋದುದನ್ನು ಕಂಡು ನೋವಾದರೆ ಆಶ್ಚರ್ಯವೇನು?

ಆದರೂ ಶಿಷ್ಯನ ತರ್ಕ ಇನ್ನೂ ಆಳವಾದುದು. ಮುಟಾಯಿಯೇ ನ್ಯಾಯವಾದ ವಿಜೇತನು, ಅವನು ತಪ್ಪು ಮಾಡದೆ ಇದ್ದಿದ್ದರೆ ತಾನು ಮುಚ್ಚಲಾರದಷ್ಟು ಅಂತರವನ್ನು ಅವನು ಗಳಿಸಿದ್ದನು ಎಂದು ಅವನು ಹೇಳಿದನು. ಎಂದರೆ, ಕಟ್ಟಳೆ ಕೊಡುವುದಕ್ಕೂ ಕಾಯಕ ಕೊಡುವುದಕ್ಕೂ ನಡುವೆ ಅವನು ಒಂದು ಗೆರೆಯನ್ನು ಎಳೆದನು. ಆ ಗೆರೆ ಸುಣ್ಣದಲ್ಲಿ ಎಳೆದುದಲ್ಲವಾದುದರಿಂದ ಬೇರೆಯವರಿಗೆ ಕಾಣುವುದಿಲ್ಲ.

ಇಲ್ಲಿ ಆಯ್ದಕ್ಕಿ ಮಾರಯ್ಯನವರ ಮನೆಯ ಕಥೆ ತಾನಾಗಿಯೇ ನೆನಪಿಗೆ ಬರುತ್ತದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಹಿಂದಕ್ಕೆ ಒಯ್ದು ಸುರಿದು ಬರಬೇಕೆಂದು ಗಂಡನಿಗೆ ಹೇಳಿದರು. ಬಡವರ ಮನೆ, ನಾಳೆಗೆ ಅಕ್ಕಿಯಿಲ್ಲದ ಮನೆ. ಹೇಳಿದವರು ಮಠದ ಗುರುವಲ್ಲ, ಒಲೆಯ ಮುಂದೆ ಕುಳಿತ ಹೆಂಡತಿ. ಆ ಕ್ಷಣದಲ್ಲಿ ಗುರುವಿನ ಸ್ಥಾನ ಅವರಿಗೆ ಬಂದಿತು. ಮಾರಯ್ಯನವರು ಅದನ್ನು ಒಪ್ಪಿದುದರಿಂದ ಇಬ್ಬರೂ ದೊಡ್ಡವರಾದರು.

ಎರಡು ಕಥೆಗಳನ್ನು ಹೀಗೆ ಒಂದರ ಪಕ್ಕದಲ್ಲಿ ಒಂದನ್ನು ಇಡುವಾಗ ಒಂದು ಭೇದವನ್ನು ಮರೆಮಾಡಬಾರದು. ಫರ್ನಾಂಡೆಸನು ಬಿಟ್ಟುಕೊಟ್ಟುದು ತಾನು ದುಡಿಯದ ಫಲವನ್ನು. ಮಾರಯ್ಯನವರು ತಂದ ಹೆಚ್ಚಿನ ಅಕ್ಕಿಯಾದರೋ ಅವರೇ ಬಗ್ಗಿ, ಅವರೇ ಆಯ್ದುದು. ಅದರಲ್ಲಿ ಅವರ ಬೆನ್ನಿನ ನೋವು ಇತ್ತು. ದುಡಿದುದಾದರೂ ಬೇಕಾದುದಕ್ಕಿಂತ ಹೆಚ್ಚಾದರೆ ಅದು ಕಾಯಕದ ಫಲವಲ್ಲ, ಆಸೆಯ ಫಲ ಎಂಬುದು ಲಕ್ಕಮ್ಮನವರ ಅಳತೆ. ಓಟದ ಲೋಕದ ಅಳತೆಗಿಂತ ಇದು ಬಹಳ ಕಠಿನವಾದುದು; ಪದಕಗಳನ್ನು ಎಣಿಸುವವರು ಇದನ್ನು ಒಪ್ಪಲಾರರು.

ಆದರೂ ಒಬ್ಬನು ಒಪ್ಪಿದಂತೆ ಕಾಣುತ್ತದೆ. ಚೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಐದು ಸಾವಿರ ಮೀಟರ್, ಹತ್ತು ಸಾವಿರ ಮೀಟರ್, ಅದುವರೆಗೆ ತಾನು ಎಂದೂ ಓಡದಿದ್ದ ಮ್ಯಾರಥಾನ್, ಈ ಮೂರನ್ನೂ ಗೆದ್ದವನು. ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಅನೇಕ ವಿಶ್ವದಾಖಲೆಗಳನ್ನು ಮಾಡಿದವನಾದರೂ ಅವನಿಗೆ ಒಲಿಂಪಿಕ್ಸ್ ಚಿನ್ನ ಒಲಿಯಲೇ ಇಲ್ಲ. 1966ರಲ್ಲಿ ಕ್ಲಾರ್ಕ್ ಪ್ರಾಗ್ ನಗರಕ್ಕೆ ಬಂದು ಹಿಂದಿರುಗುವಾಗ ಜಾಟೊಪೆಕ್ ಅವನ ಕೈಯಲ್ಲಿ ಒಂದು ಸಣ್ಣ ಪೊಟ್ಟಣವನ್ನು ಇಟ್ಟನು. ಅನಂತರ ಬಿಚ್ಚಿ ನೋಡಿದಾಗ ಅದರಲ್ಲಿದ್ದುದು 1952ರ ಹತ್ತು ಸಾವಿರ ಮೀಟರ್ ಓಟದ ಚಿನ್ನದ ಪದಕ. ಅದು ಜಾಟೊಪೆಕನ ಸ್ವಂತ ಬೆವರಿನ ಗಳಿಕೆ. ಯಾರ ತಪ್ಪಿನಿಂದಲೂ ಬಂದುದಲ್ಲ. ತನ್ನಲ್ಲಿ ಹೆಚ್ಚಾಗಿರುವುದು ಇಲ್ಲದವನಿಗೆ ಸಲ್ಲಬೇಕೆಂದು ಅವನಿಗೆ ತೋರಿತು. ಕಲ್ಯಾಣದ ಹೆಸರನ್ನು ಅವನು ಕೇಳಿದ್ದನೋ ಇಲ್ಲವೋ, ಲಕ್ಕಮ್ಮನವರ ಅಂಗಳಕ್ಕೆ ಅವನು ಬಹಳ ಹತ್ತಿರ ಬಂದಿದ್ದನು.

ಕೊಡುವುದೆಲ್ಲವೂ ಇಷ್ಟು ನಿರ್ಮಲವಾಗಿರುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಟ್ರಯಥ್ಲಾನ್ ಸ್ಪರ್ಧೆ ನಡೆಯಿತು. ಒಂದೂವರೆ ಕಿಲೋಮೀಟರ್ ಈಜಿ, 40 ಕಿಲೋಮೀಟರ್ ಸೈಕಲ್ ತುಳಿದು, ವಿಶ್ರಾಂತಿಯಿಲ್ಲದೆ 10 ಕಿಲೋಮೀಟರ್ ಓಡುವ ಪಂದ್ಯ ಅದು. ಎಲ್ಲರಿಗಿಂತ ಮುಂದಿದ್ದ ಇಂಗ್ಲೆಂಡಿನ ಜಾನಿ ಬ್ರೌನ್ಲಿ, ಗೆರೆಗೆ ಕೆಲವು ನೂರು ಮೀಟರ್ ಇರುವಾಗ, ಬಿಸಿಲಿನ ಝಳಕ್ಕೆ ಕಾಲು ತಪ್ಪಿ ತೂರಾಡತೊಡಗಿದನು. ಹಿಂದೆ ಬಂದ ಅಣ್ಣ ಅಲಿಸ್ಟೇರ್ ತನ್ನ ಗೆಲುವಿನ ಆಸೆಯನ್ನು ಬಿಟ್ಟು, ತಮ್ಮನ ತೋಳಿಗೆ ತೋಳು ಕೊಟ್ಟು ಓಡಿಸಿಕೊಂಡು ಹೋಗಿ, ಅವನನ್ನು ತನಗಿಂತ ಮುಂಚೆ ಗೆರೆಯಾಚೆಗೆ ತಳ್ಳಿದನು. ಗೆದ್ದವನು ದಕ್ಷಿಣ ಆಫ್ರಿಕದ ಹೆನ್ರಿ ಸ್ಕೂಮನ್, ತಮ್ಮನು ಎರಡನೆಯವನಾದನು. ಲೋಕವೆಲ್ಲ ಕಣ್ಣೀರು ತಂದುಕೊಂಡು ಮೆಚ್ಚಿತು. ಆದರೆ ಸ್ಪೇನಿನ ಸಂಘದವರು ಆಕ್ಷೇಪಿಸಿದರು. ಆ ವರ್ಷದ ಒಟ್ಟು ಪ್ರಶಸ್ತಿಗೆ ಜಾನಿಯೊಡನೆ ಪೈಪೋಟಿಯಲ್ಲಿದ್ದವನು ಅವರ ಮಾರಿಯೋ ಮೋಲಾ. ಆಕ್ಷೇಪ ತಳ್ಳಿಹೋಯಿತು, ಪ್ರಶಸ್ತಿ ಹೇಗಿದ್ದರೂ ಮೋಲಾನಿಗೇ ಸಂದಿತು.

ಆಕ್ಷೇಪಿಸಿದವರು ಕರುಣೆಯಿಲ್ಲದವರೆ? ಅರಸೀಕೆರೆಯ ಬಳಿಯ ಜೇನುಕಲ್ಲು ಸಿದ್ದೇಶ್ವರನ ಬೆಟ್ಟಕ್ಕೆ ಹುಣ್ಣಿಮೆಯಂದು ಭಕ್ತರು ಹತ್ತುವಾಗ, ಮುದುಕನೊಬ್ಬನು ಮೆಟ್ಟಿಲ ಮೇಲೆ ಕುಸಿದು ಕುಳಿತರೆ ಹಿಂದಿನವನು ತೋಳು ಹಿಡಿದು ಎತ್ತುತ್ತಾನೆ. ಅದರಿಂದ ಯಾರ ಸ್ಥಾನವೂ ಹೋಗುವುದಿಲ್ಲ. ಬೆಟ್ಟದ ತುದಿಯಲ್ಲಿ ಮೊದಲನೆಯವನು ಎರಡನೆಯವನು ಎಂಬುದಿಲ್ಲ. ಸ್ಪರ್ಧೆಯಲ್ಲಿಯಾದರೋ ಒಬ್ಬನಿಗೆ ಕೊಟ್ಟ ತೋಳು ಇನ್ನೊಬ್ಬನಿಂದ ಕಿತ್ತುಕೊಂಡ ಅಂಕವಾಗಬಹುದು. ತಮ್ಮನಲ್ಲದೆ ಬೇರೆ ಯಾರಾಗಿದ್ದರೂ ಹಾಗೆಯೇ ಮಾಡುತ್ತಿದ್ದೆನೆಂದು ಅಲಿಸ್ಟೇರ್ ಹೇಳಿದನು. ಅದು ನಿಜವಿರಬಹುದು. ಆದರೂ ತನ್ನದನ್ನು ಬಿಡುವುದು ಒಂದು, ಬಿಟ್ಟುದು ಯಾರ ಪಾಲಿನಿಂದ ಹೋಯಿತೆಂದು ನೋಡುವುದು ಇನ್ನೊಂದು. ಫರ್ನಾಂಡೆಸನು ಬಿಟ್ಟುದು ತನ್ನದನ್ನು ಮಾತ್ರ. ಅವನ ನಡೆಯ ಶುದ್ಧಿ ಇರುವುದು ಇಲ್ಲಿಯೇ.

2020ರಲ್ಲಿ ಸ್ಪೇನಿನ ಸಾಂತಾಂದೇರ್ ಟ್ರಯಥ್ಲಾನಿನಲ್ಲಿಯೂ ಅಂತಹುದೇ ನಡೆಯಿತು. ಮೂರನೆಯ ಸ್ಥಾನದಲ್ಲಿದ್ದ ಜೇಮ್ಸ್ ಟೀಗಲ್ ಕೊನೆಯಲ್ಲಿ ದಾರಿ ತಪ್ಪಿದನು. ಹಿಂದಿದ್ದ ಡಿಯಾಗೋ ಮೆಂಟ್ರಿಡಾ ಮುಂದಾದವನು ಗೆರೆಯ ಮೇಲೆಯೇ ನಿಂತು ಅವನಿಗೆ ದಾರಿಬಿಟ್ಟನು. ಇದನ್ನು ಬಾಲ್ಯದಿಂದ ತನಗೆ ಕಲಿಸಿದವರು ತಂದೆತಾಯಿಗಳೂ ತನ್ನ ಕ್ಲಬ್ಬಿನವರೂ ಎಂದು ಅವನು ತಿಳಿಸಿದನು. ಅಲ್ಲಿ ಗುರುವನ್ನು ಮೀರಿ ನಡೆದ ಶಿಷ್ಯ. ಇಲ್ಲಿ ಗುರುವಿನಿಂದಲೇ ಕಲಿತ ಶಿಷ್ಯ.

ಮೊದಲನೆಯವನಾಗದವನಿಗೆ ಏನು ಉಳಿಯುತ್ತದೆಂದು ಕೇಳುವವರಿಗೆ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಉತ್ತರವಾಗಿದ್ದಾರೆ. 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ಸಣ್ಣ ತಂಡದಲ್ಲಿದ್ದ ಅವರು, ಒಲಿಂಪಿಕ್ಸ್ ಮ್ಯಾರಥಾನುಗಳಲ್ಲೆಲ್ಲ ಅತಿ ಉದ್ದವಾದ 42 ಕಿಲೋಮೀಟರ್ 750 ಮೀಟರಿನ ಆ ದಾರಿಯನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಹತ್ತೊಂಬತ್ತನೆಯವರಾದರು. ಫಿನ್ಲೆಂಡಿನ ಕೋಲೆಹ್ಮಾಯ್ನೆನ್ ಗೆದ್ದು ಹದಿನೆಂಟು ನಿಮಿಷಗಳಾಗಿದ್ದುವು. ಆದರೂ ನೂರು ವರ್ಷಗಳ ಮೇಲೆ ಆ ಹತ್ತೊಂಬತ್ತು ಹಾಗೆಯೇ ನಿಂತಿದೆ.

ಇನ್ನು ಉಳಿದುದು, ಫರ್ನಾಂಡೆಸನು ತಾನಾಗಿಯೇ ಹೇಳಿದ ಒಂದು ಮಾತು. ಅವನನ್ನು ಹೊಗಳುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬುರ್ಲಾದದ ಓಟದಲ್ಲಿ ಪಣವಾಗಿದ್ದುದು ದೊಡ್ಡದಲ್ಲ. ವಿಶ್ವಸ್ಪರ್ಧೆಯ ಅಥವಾ ಯೂರೋಪಿನ ಪದಕವೇ ಪಣವಾಗಿದ್ದರೆ ವಿಷಯ ಬೇರೆಯಾಗುತ್ತಿತ್ತು, ಆಗ ತಾನು ಆ ಅವಕಾಶವನ್ನು ಬಳಸಿಕೊಳ್ಳುತ್ತಿದ್ದೆನೆಂದು ತೋರುತ್ತದೆ ಎಂದು ಅವನು ಒಪ್ಪಿಕೊಂಡನು. ಹೊಗಳಿಕೆಯ ಮಳೆ ಸುರಿಯುತ್ತಿರುವಾಗ ಹೀಗೆ ಹೇಳುವುದಕ್ಕೆ, ಗೆರೆಯ ಮುಂದೆ ನಿಲ್ಲುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆದರೆ ಆ ಒಪ್ಪಿಗೆ ಒಂದು ಮುಳ್ಳನ್ನು ಉಳಿಸಿ ಹೋಗುತ್ತದೆ. ಹತ್ತು ಮೀಟರ್ ಅಲ್ಲಿಯೂ ಹತ್ತೇ ಮೀಟರ್. ದುಡಿಯದ ಫಲ ಅಲ್ಲಿಯೂ ದುಡಿಯದ ಫಲವೇ. ಪಣ ದೊಡ್ಡದಾದಂತೆ ನ್ಯಾಯದ ಅಳತೆಗೋಲು ಏಕೆ ಗಿಡ್ಡದಾಗಬೇಕು? ಅದೂ ಅಲ್ಲದೆ, ದೊಡ್ಡದು ಯಾವುದು, ಚಿಕ್ಕದು ಯಾವುದು? ಹಸಿದ ಮನೆಗೆ ಒಂದು ಬೊಗಸೆ ಅಕ್ಕಿಗಿಂತ ದೊಡ್ಡ ಪದಕವಿಲ್ಲ. ಲಕ್ಕಮ್ಮನವರ ಮುಂದೆ ಇದ್ದ ಪಣ ಬುರ್ಲಾದದ ಪಣವಲ್ಲ. ಅದು ನಾಳೆಯ ಊಟ.

ಗಂಡಸಿಯ ತೋಟದಲ್ಲಿ ಕಾಯಿ ಸುಲಿದವನ ಮುಂದೆ ಇರುವುದೂ ಅದೇ. ನೂರು ಕಾಯಿಯ ಕೂಲಿ ತೋಟದ ಯಜಮಾನನಿಗೆ ಲೆಕ್ಕಕ್ಕಿಲ್ಲದ ಹಣ; ಸುಲಿದವನಿಗೆ ಮನೆಯ ಉಪ್ಪು, ಮೆಣಸಿನಕಾಯಿ, ಮಗುವಿನ ಒಂದು ಪುಸ್ತಕ. ಗುರುತಿನ ಕಾಯಿಗಳು ಸಾಲಾಗಿ ಪಕ್ಕದಲ್ಲಿ ಕುಳಿತಿವೆ. ಎಣಿಸಿದವನು ಎದ್ದು ಪಂಚೆಯನ್ನು ಕೊಡವಿಕೊಳ್ಳುತ್ತಿದ್ದಾನೆ. "ಸ್ವಲ್ಪ ನಿಲ್ಲಿ, ಅಣ್ಣ, ಒಂದು ಹೆಚ್ಚಾಗಿದೆ" ಎಂದು ಸುಲಿದವನು ಹೇಳಿದರೆ, ಕತ್ತಲಾಗುವ ಹೊತ್ತಿನಲ್ಲಿ ಇಬ್ಬರೂ ಮತ್ತೆ ರಾಶಿಯ ಮುಂದೆ ಕುಳಿತು ಮೊದಲಿನಿಂದ ಎಣಿಸಬೇಕಾಗುತ್ತದೆ.